ಜಾಗೃತಿ ಶಿಬಿರ ಸಾಕು, ವಾರಕ್ಕೊಂದು ಮಧ್ಯಾಹ್ನ ಕೊಡಿ

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಗ್ರಾಮ ಪಂಚಾಯತ್ ಅಧ್ಯಕ್ಷರಿಗೆ, ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ಪ್ರತಿ ಅಕ್ಟೋಬರ್ 10ಕ್ಕೆ ವಿಶ್ವ ಮಾನಸಿಕ ಆರೋಗ್ಯ ದಿನ ಬರುತ್ತದೆ. ಬ್ಯಾನರ್ ಕಟ್ಟುತ್ತೇವೆ, ಒಬ್ಬ ಡಾಕ್ಟರರನ್ನು ಕರೆದು ಭಾಷಣ ಮಾಡಿಸುತ್ತೇವೆ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಅಕಾರಣ ಸಂಶಯ ಹುಟ್ಟುವ ಕಾಯಿಲೆ), ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಬೇಸರಕ್ಕೂ ಜೀಕುವ ಕಾಯಿಲೆ), ತೀವ್ರ ಖಿನ್ನತೆಯಂಥ ಕಾಯಿಲೆಯಿಂದ ಚೇತರಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದವರು ಆ ಸಭೆಯಲ್ಲಿ ಇರುವುದಿಲ್ಲ. ಅವರಿಗೆ ಬೇಕಾದದ್ದು ಭಾಷಣವೂ ಅಲ್ಲ. ಅವರಿಗಾಗಿ ನಿಮ್ಮಲ್ಲಿ ನಾವು ಕೇಳುವುದು ಇಷ್ಟು: ಒಂದು ಕೋಣೆ, ವಾರಕ್ಕೆ ಒಂದು ಮಧ್ಯಾಹ್ನ, ಸತತ 12 ವಾರ, ಬಂದುಹೋಗುವ ಬಸ್ ಖರ್ಚು. ಇದರಿಂದ ಒಂದು ಗುಂಪು ಆಪ್ತಸಮಾಲೋಚನೆ ನಡೆಸಬಹುದು. ಹೇಗೆ ನಡೆಸಬೇಕು, ಎಲ್ಲಿ ಕೆಡುತ್ತದೆ ಎಂಬುದನ್ನು ಬಿಡಿಸಿ ಬರೆದಿದ್ದೇವೆ. ಪತ್ರ ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಆಸ್ಪತ್ರೆಯವರನ್ನು ಬಿಟ್ಟು ಪಂಚಾಯತನ್ನು ಯಾಕೆ ಕೇಳುತ್ತೀರಿ ಎನ್ನಬಹುದು. ಕಾರಣ ಸರಳ. ಮದ್ದು ಆಸ್ಪತ್ರೆಯಿಂದ ಬರುತ್ತದೆ, ತಿಂಗಳಿಗೆ ಒಂದು ದಿನ. ಉಳಿದ ದಿನಗಳನ್ನು ಆ ಮನುಷ್ಯ ಕಳೆಯುವುದು ನಿಮ್ಮ ವಾರ್ಡಿನಲ್ಲಿ. ನಮ್ಮ ಕಡೆ ಇನ್ನೊಂದು ತೊಡಕಿದೆ. ಪೆರ್ಲ, ಪೈವಳಿಕೆ, ವರ್ಕಾಡಿ, ಮೀಂಜದ ಎಷ್ಟೋ ಮಂದಿ ಚಿಕಿತ್ಸೆಗೆ ಹೋಗುವುದು ತಲಪಾಡಿಯಲ್ಲಿ ರಾಜ್ಯದ ಗಡಿ ದಾಟಿ ಮಂಗಳೂರಿಗೆ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಊರಿನ ಆರೋಗ್ಯ ಕೇಂದ್ರದ ಕಡತ ಮಲಯಾಳದಲ್ಲಿ, ಮನೆಮಾತು ತುಳುವೋ ಹವ್ಯಕವೋ ಬ್ಯಾರಿಯೋ ಮರಾಠಿಯೋ. ಗಡಿಯಾಚೆಯ ಡಾಕ್ಟರರಿಗೆ ಇಲ್ಲಿನ ಆಶಾ ಕಾರ್ಯಕರ್ತೆ ಯಾರೆಂದು ಗೊತ್ತಿಲ್ಲ, ಆಶಾ ಕಾರ್ಯಕರ್ತೆಗೆ ಆ ಚೀಟಿಯಲ್ಲಿ ಏನಿದೆ ಎಂದು ಗೊತ್ತಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್‌ಗಾಗಿ ತಲಪಾಡಿ ಗಡಿ ಮುಚ್ಚಿದಾಗ ಆಚೆ ಕಡೆಯ ಮದ್ದನ್ನೇ ನಂಬಿದವರ ಪಾಡು ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಗುಂಪಿನ ಮೊದಲ ಪಾಠಗಳಲ್ಲಿ ಒಂದು ಅದಕ್ಕೇ ಸೇರಿದ್ದು: ಮಾತ್ರೆಯ ಕಂಪೆನಿ ಹೆಸರಲ್ಲ, ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಬಾಯಿಪಾಠ ಇರಬೇಕು, ಮನೆಯಲ್ಲಿ ಎರಡು ವಾರದ ಮದ್ದು ಯಾವಾಗಲೂ ಮಿಗಿಸಿ ಇಡಬೇಕು. ಮೂಲ ಹೆಸರು ಗೊತ್ತಿದ್ದರೆ ಅದೇ ಔಷಧ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಇದೆಯೇ ಎಂದಾದರೂ ಕೇಳಬಹುದು.

ಮನೆಮನೆಗೆ ಆರೈಕೆ ತಲುಪಿಸುವುದು ಈ ಜಿಲ್ಲೆಗೆ ಹೊಸತಲ್ಲ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದ ಮಕ್ಕಳಿಗಾಗಿ ಬಡ್ಸ್ ಎಂಬ ವಿಶೇಷ ಶಾಲೆಗಳು ಎದ್ದುನಿಂತದ್ದೂ ಸ್ಥಳೀಯಾಡಳಿತದ ಆಸರೆಯಲ್ಲೇ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ದೇಶದಲ್ಲಿ ಆರಂಭವಾಗುವ ಮೊದಲು ಅದನ್ನು ಪರೀಕ್ಷಿಸಿ ನೋಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು, 1980ರ ದಶಕದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಸಿಬ್ಬಂದಿಗೇ ತರಬೇತಿ ಕೊಟ್ಟರೆ ಊರಿನಲ್ಲೇ ಈ ಕೆಲಸ ಸಾಗುತ್ತದೆ ಎಂದು ಅಲ್ಲಿ ತೋರಿಸಿಕೊಟ್ಟರು. ಕೇರಳದಲ್ಲಂತೂ ಪ್ರಾಥಮಿಕ ಆರೋಗ್ಯ ಕೇಂದ್ರಗಳು ನಿಮ್ಮ ಕೈಯಲ್ಲೇ ಇವೆ.

ಇನ್ನು ಗುಂಪಿನ ವಿಷಯ. ಇದು ಉಪನ್ಯಾಸವಲ್ಲ, ಭಜನೆಯಲ್ಲ, ತಪ್ಪೊಪ್ಪಿಗೆಯ ಕೂಟವೂ ಅಲ್ಲ. ಒಂದೇ ಬಗೆಯ ಕಷ್ಟ ಇರುವ ಎಂಟು ಹತ್ತು ಮಂದಿ ತಮ್ಮ ಕಾಯಿಲೆಯನ್ನು ತಾವೇ ನಿಭಾಯಿಸುವ ಉಪಾಯಗಳನ್ನು ಒಬ್ಬರಿಂದೊಬ್ಬರು ಕಲಿಯುವ ಜಾಗ. ಮದ್ದಿಗೆ ಬದಲಿ ಖಂಡಿತ ಅಲ್ಲ. ಮದ್ದಿನ ಜತೆಗೆ ಇಂಥ ತಿಳಿವಳಿಕೆ ಸಿಕ್ಕಿದವರಲ್ಲಿ ಕಾಯಿಲೆ ಮರುಕಳಿಸುವುದು, ಮತ್ತೆ ಆಸ್ಪತ್ರೆ ಸೇರುವುದು ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ಹನ್ನೆರಡು ಮಂದಿಯನ್ನು ಕರೆಯಿರಿ, ಇಬ್ಬರು ಮೂವರು ಬಿಟ್ಟುಹೋಗುತ್ತಾರೆ. ಹದಿನೈದು ದಾಟಿದರೆ ಅದು ಸಭೆಯಾಗುತ್ತದೆ, ಐದಕ್ಕಿಂತ ಕಡಿಮೆಯಾದರೆ ಒಬ್ಬರು ಬಾರದ ದಿನ ಕೋಣೆ ಖಾಲಿ ಹೊಡೆಯುತ್ತದೆ. ಶುರುವಾದ ಮೇಲೆ ಹೊಸಬರನ್ನು ನಡುವೆ ಸೇರಿಸಬಾರದು; ಎರಡನೇ ವಾರಕ್ಕೆ ಹುಟ್ಟಿದ ನಂಬಿಕೆ ಆರನೇ ವಾರ ಬಂದ ಅಪರಿಚಿತರ ಎದುರು ಮುಚ್ಚಿಕೊಳ್ಳುತ್ತದೆ.

ನಡೆಸುವವರು ಇಬ್ಬರು ಬೇಕೇ ಬೇಕು. ಒಬ್ಬರು ತರಬೇತಾದವರು: ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಮನಶ್ಶಾಸ್ತ್ರಜ್ಞೆ ಅಥವಾ ಮನೋರೋಗ ವಿಭಾಗದಲ್ಲಿ ಕೆಲಸ ಮಾಡಿದ ನರ್ಸ್. ಇನ್ನೊಬ್ಬರು, ಸಾಧ್ಯವಾದರೆ, ಇದೇ ಕಾಯಿಲೆಯಿಂದ ಚೇತರಿಸಿ ವರ್ಷ ದಾಟಿದವರು. ಅವರಿಗೂ ತರಬೇತಿ ಕೊಡಬೇಕು, ಸಂಭಾವನೆಯನ್ನೂ ಕೊಡಬೇಕು. ಇಬ್ಬರು ಯಾಕೆಂದರೆ ನಡುವೆ ಒಬ್ಬರು ಅತ್ತು ಎದ್ದುಹೋದರೆ ಅವರ ಹಿಂದೆ ಹೋಗಲು ಒಬ್ಬರು, ಉಳಿದವರ ಜತೆ ಕೂರಲು ಒಬ್ಬರು. ಇನ್ನೊಂದು ಕಾರಣ ವರ್ಗಾವಣೆ. ಒಬ್ಬರನ್ನೇ ನಂಬಿದ ಗುಂಪು ಅವರ ವರ್ಗದ ಆದೇಶ ಬಂದ ದಿನವೇ ಮುಗಿಯುತ್ತದೆ.

ಸಮಯ ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಬೆಳಿಗ್ಗೆ ಬೇಡ, ರಾತ್ರಿಯ ಮಾತ್ರೆಯ ಮಂಪರು ಹತ್ತು ಗಂಟೆಯವರೆಗೂ ಇಳಿಯದವರಿದ್ದಾರೆ. ನಾಲ್ಕರ ನಂತರ ಬೇಡ, ಒಳಗಿನ ಊರುಗಳಿಗೆ ಬಸ್ಸು ಸಿಗುವುದಿಲ್ಲ. ಶುಕ್ರವಾರ ಜುಮಾ, ಭಾನುವಾರ ಮದುವೆ ಮುಂಜಿ, ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ ಜನಜಂಗುಳಿ. ಇವು ಮೂರನ್ನು ಬಿಟ್ಟು ಒಂದು ದಿನ ಗೊತ್ತುಮಾಡಿ, ಮತ್ತೆ ಬದಲಿಸಬೇಡಿ. ನಲವತ್ತು ನಿಮಿಷ ಮಾತು, ಹದಿನೈದು ನಿಮಿಷ ಚಹಾ, ಮತ್ತೆ ಮೂವತ್ತೈದು ನಿಮಿಷ. ಏಕಾಗ್ರತೆ ಕುಗ್ಗುವುದು ಈ ಕಾಯಿಲೆಗಳ ಲಕ್ಷಣವೇ ಆದ್ದರಿಂದ ಒಂದೂವರೆ ಗಂಟೆ ಒಂದೇ ಸಮನೆ ಕೂರಿಸಿದರೆ ಪ್ರಯೋಜನವಿಲ್ಲ. ಕುರ್ಚಿಗಳನ್ನು ಗೋಲವಾಗಿ ಹಾಕಿ. ಬೆಂಚು ಹಾಕಿದರೆ ಶಾಲೆಯಾಗುತ್ತದೆ.

ಕೋಣೆ ಎಲ್ಲಿ? ಗ್ರಂಥಾಲಯ, ಮಹಿಳಾ ಸ್ವಸಹಾಯ ಸಂಘಗಳ ಕುಟುಂಬಶ್ರೀ ಕಚೇರಿ, ಸಮುದಾಯ ಭವನದ ಹಿಂದಿನ ಕೊಠಡಿ, ಯಾವುದೂ ಆಗಬಹುದು. ಬಾಗಿಲು ಹಾಕಿಕೊಳ್ಳಬೇಕು, ಹೊರಗಿನಿಂದ ಮಾತು ಕೇಳಬಾರದು, ಬಾಗಿಲ ಮೇಲೆ "ಮಾನಸಿಕ" ಎಂಬ ಬೋರ್ಡು ಇರಬಾರದು. ಇದಕ್ಕಿಂತ ಮುಖ್ಯವಾದ ವಿನಂತಿ ಇನ್ನೊಂದಿದೆ: ಫೋಟೋ ತೆಗೆಯಬೇಡಿ. ವರದಿಗೆ ಫೋಟೋ ಬೇಕು, ವಾಟ್ಸಾಪ್ ಗುಂಪಿಗೆ ಹಾಕಬೇಕು ಎಂಬ ಚಟವೇ ಒಳ್ಳೆಯ ಗುಂಪನ್ನು ಕೊಲ್ಲುತ್ತದೆ. ಚಿಕಿತ್ಸೆಯಲ್ಲಿರುವವರ ಫೋಟೋವನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಅದು ಆಸ್ಪತ್ರೆಗಳ ಮಾತು. ನಿಮ್ಮ ಕೋಣೆಗೆ ನಾವು ಕೇಳುವುದು ಇನ್ನೂ ಬಿಗಿಯಾದ ನಿಯಮ, ಒಪ್ಪಿಗೆ ಇದ್ದರೂ ಬೇಡ. ಅಧ್ಯಕ್ಷರ ಎದುರು "ಬೇಡ" ಎನ್ನುವ ಧೈರ್ಯ ಎಷ್ಟು ಮಂದಿಗಿದೆ?

ಭಾಷೆಯ ವಿಷಯಕ್ಕೆ ಬರೋಣ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೂಪದಲ್ಲಿ ಮಾಹಿತಿ ಸಿಗಬೇಕೆಂಬುದು ಅದೇ ಕಾಯ್ದೆಯ 22ನೇ ಕಲಂ ಕೊಟ್ಟ ಹಕ್ಕು. ಮಾರುಕಟ್ಟೆಯಲ್ಲಿ ಮಲಯಾಳ ಸಲೀಸಾಗಿ ಆಡುವವರೂ, ಕಿವಿಯಲ್ಲಿ ಕೇಳುವ ದನಿ ಏನು ಹೇಳುತ್ತದೆ ಎಂದು ಹೇಳಬೇಕಾದಾಗ ಮನೆಮಾತಿಗೇ ಬರುತ್ತಾರೆ. ಬರಲು ಆಗದಿದ್ದರೆ ಸುಮ್ಮನಾಗುತ್ತಾರೆ. "ಅರ್ಥವಾಯಿತಾ?" ಎಂದು ಕೇಳಿದರೆ ತಲೆಯಾಡಿಸುತ್ತಾರೆ, ಹಾಜರಿ ಪುಸ್ತಕದಲ್ಲಿ ಹಾಜರಿ ಬೀಳುತ್ತದೆ. ಹಾಗೆಂದು ಎಲ್ಲವೂ ಕನ್ನಡದಲ್ಲೇ ಇರಲಿ ಎಂದು ನಾವು ಹಟ ಮಾಡುವುದಿಲ್ಲ. ಮನೆಯಲ್ಲಿ ತುಳು ಆಡಿ ಮಲಯಾಳ ಮಾಧ್ಯಮದಲ್ಲಿ ಓದಿದ ಎಳೆಯರಿಗೆ ಕನ್ನಡ ಲಿಪಿ ಓದಲು ತೊಡಕು. ಆದ್ದರಿಂದ ಮಾತು ತುಳು, ಕನ್ನಡದಲ್ಲಿ ನಡೆಯಲಿ, ಹಾಳೆಗಳು ಕನ್ನಡ, ಮಲಯಾಳ ಎರಡೂ ಲಿಪಿಯಲ್ಲಿರಲಿ, ಓದು ಬಾರದವರಿಗೆ ಚಿತ್ರ ಮತ್ತು ಬಣ್ಣ ಇರಲಿ.

ಹನ್ನೆರಡು ವಾರಗಳಲ್ಲಿ ಅತಿ ಹೆಚ್ಚು ಹೊತ್ತು ಬೇಡುವುದು ಮುನ್ಸೂಚನೆಯ ಚೀಟಿ. ಕಾಯಿಲೆ ಒಂದೇ ರಾತ್ರಿಯಲ್ಲಿ ಮರುಕಳಿಸುವುದು ಅಪರೂಪ. ಸಾಮಾನ್ಯವಾಗಿ ಕೆಲವು ದಿನಗಳಿಂದ ನಾಲ್ಕು ವಾರಗಳವರೆಗೆ ಸುಳಿವು ಕೊಡುತ್ತದೆ, ಆ ಸುಳಿವು ಒಬ್ಬೊಬ್ಬರಿಗೆ ಒಂದೊಂದು, ಆದರೆ ಅದೇ ಮನುಷ್ಯನಿಗೆ ಹೆಚ್ಚುಕಮ್ಮಿ ಪ್ರತಿಸಲವೂ ಅದೇ. ಕಂಡುಹಿಡಿಯುವ ಕ್ರಮ ಹೀಗೆ: ಕಳೆದ ಸಲ ಆಸ್ಪತ್ರೆ ಸೇರಿದ ದಿನದಿಂದ ಹಿಂದಕ್ಕೆ ನಡೆಯಬೇಕು. ಹಿಂದಿನ ದಿನ ಏನಾಗಿತ್ತು, ಹಿಂದಿನ ವಾರ, ಅದರ ಹಿಂದಿನ ವಾರ? ತಾರೀಕು ನೆನಪಾಗದಿದ್ದರೆ ಹಬ್ಬ, ಜಾತ್ರೆ, ಅಡಿಕೆ ಕೊಯ್ಲು, ಮೊದಲ ಮಳೆ ಇವನ್ನು ಗುರುತು ಮಾಡಿಕೊಳ್ಳಿ. ಅದರಿಂದ ಮೂರೇ ಮೂರು ಲಕ್ಷಣ ಆರಿಸಿ ಬರೆಯಬೇಕು, ಅವು ಬೇರೆಯವರ ಕಣ್ಣಿಗೂ ಕಾಣುವಂಥವಾಗಿರಬೇಕು. "ಕೋಪ ಬರುತ್ತದೆ" ಎಂದು ಬರೆದರೆ ಉಪಯೋಗವಿಲ್ಲ, ಕೋಪ ಯಾರಿಗೆ ಬರುವುದಿಲ್ಲ? "ರಾತ್ರಿ ಎರಡು ಗಂಟೆಗೆ ಎದ್ದು ತೋಟಕ್ಕೆ ಹೋಗುತ್ತೇನೆ", "ಮನೆಯವರು ಬಡಿಸಿದ್ದನ್ನು ಬಿಟ್ಟು ಹೋಟೆಲಿನಲ್ಲಿ ಮಾತ್ರ ಉಣ್ಣುತ್ತೇನೆ", "ದಿನಕ್ಕೆ ಇಪ್ಪತ್ತು ಮಂದಿಗೆ ಫೋನ್ ಮಾಡುತ್ತೇನೆ" ಇಂಥವು ಉಪಯೋಗಕ್ಕೆ ಬರುತ್ತವೆ.

ಮತ್ತೆ ಬಣ್ಣ. ಹಸಿರು ಎಂದರೆ ನಿತ್ಯದ ಕ್ರಮ: ಮಾತ್ರೆ, ನಿದ್ದೆ, ಕೆಲಸ. ಹಳದಿ ಎಂದರೆ ಸುಳಿವು ಕಂಡಿದೆ, ಉದಾಹರಣೆಗೆ ಸಾಲಾಗಿ ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆ. ಆಗ ಯಾರಿಗೆ ಫೋನ್ ಮಾಡುವುದು, ಡಾಕ್ಟರರ ಭೇಟಿ ಎಷ್ಟು ದಿನ ಮುಂದಕ್ಕೆ ತರುವುದು, ಸಂಜೆಯ ಚಹಾ ಕಾಫಿ ಬಿಡುವುದು, ಆ ವಾರದ ಮದುವೆ ಊಟ ತಪ್ಪಿಸುವುದು, ದೊಡ್ಡ ಹಣದ ವ್ಯವಹಾರ ಮುಂದೂಡುವುದು ಎಲ್ಲ ಮೊದಲೇ ಬರೆದಿರಬೇಕು. ಕೆಂಪು ಎಂದರೆ ಸಾಯುವ ಯೋಚನೆ, ಊಟ ನೀರು ಬಿಡುವುದು, ಹೀಗೆ ಮಾಡು ಎಂದು ದನಿ ಆಜ್ಞೆ ಮಾಡುವುದು; ಆಗ ಆ ದಿನವೇ ಆಸ್ಪತ್ರೆ. ಯಾವ ಆಸ್ಪತ್ರೆ, ಯಾವ ವಾಹನ, ಜತೆಗೆ ಯಾರು ಎಂಬುದೂ ಚೀಟಿಯಲ್ಲಿ ಇರಬೇಕು. ಇದನ್ನೇ ಇನ್ನಷ್ಟು ಗಟ್ಟಿ ಮಾಡಬಯಸುವವರಿಗೆ ಕಾಯ್ದೆಯ 5ನೇ ಕಲಮಿನಲ್ಲಿ ಮುಂಗಡ ನಿರ್ದೇಶನದ ಅವಕಾಶವಿದೆ: ಕಾಯಿಲೆ ಜೋರಾದಾಗ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಸ್ವಸ್ಥವಾಗಿದ್ದಾಗಲೇ ಬರೆದಿಡುವುದು.

ಚೀಟಿಯ ಪ್ರತಿಗಳು ಎರಡು, ಒಂದು ತನಗೆ, ಒಂದು ತಾನು ಆರಿಸಿದ ಒಬ್ಬರಿಗೆ. ಕೆಡುವುದು ಇಲ್ಲೇ. ಮನೆಯವರ ಕೈಗೆ ಹಳದಿ ಚೀಟಿ ಸಿಕ್ಕಿದರೆ ಅದು ಬೆತ್ತವಾಗುತ್ತದೆ. ಮಗ ಸ್ವರ ಎತ್ತಿದರೂ "ಮಾತ್ರೆ ತಿಂದಿದ್ದೀಯಾ?", ಸೊಸೆ ಜೋರಾಗಿ ನಕ್ಕರೂ "ಮತ್ತೆ ಶುರುವಾಯಿತು". ಸದಾ ಟೀಕೆ, ದ್ವೇಷ ಅಥವಾ ಅತಿಯಾದ ಕಾವಲು ಇರುವ ಮನೆಗಳಲ್ಲಿ ಕಾಯಿಲೆ ಹೆಚ್ಚು ಮರುಕಳಿಸುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ಅದಕ್ಕಾಗಿ ಮೂರನೇ ಮತ್ತು ಏಳನೇ ವಾರ ಮನೆಯವರನ್ನು ಬೇರೆಯಾಗಿ ಕೂರಿಸಬೇಕು. ಅವರ ದಣಿವಿಗೂ ಒಂದು ಜಾಗ ಬೇಕಲ್ಲ.

ಮದ್ದಿನ ಬಗ್ಗೆ ಎರಡು ವಾರ ಮೀಸಲಿಡಿ. ಮಾತ್ರೆ ಬಿಟ್ಟ ಮರುದಿನ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೆಲವೊಮ್ಮೆ ಮಂಪರು ಇಳಿದು ಹಗುರವೇ ಆಗುತ್ತದೆ. ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ವಾರಗಳ, ತಿಂಗಳುಗಳ ನಂತರ. ಅಷ್ಟರಲ್ಲಿ ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ತೋರುವುದಿಲ್ಲ. ಇದನ್ನು ಡಾಕ್ಟರರು ಹೇಳಿದರೆ ಗದರಿಕೆಯಂತೆ ಕೇಳುತ್ತದೆ, ಪಕ್ಕದ ಕುರ್ಚಿಯವನು ಹೇಳಿದರೆ ನಂಬಿಕೆ ಬರುತ್ತದೆ. ಗುಂಪಿನ ನಿಜವಾದ ಬಲ ಇಲ್ಲಿದೆ. ಅಡ್ಡಪರಿಣಾಮಗಳನ್ನು ಮುಚ್ಚಿಡಬಾರದು: ಓಲಾಂಜಪಿನ್‌ನಿಂದ ತೂಕ ಮತ್ತು ಸಕ್ಕರೆ ಏರಬಹುದು, ರಿಸ್ಪೆರಿಡೋನ್‌ನಿಂದ ಮುಟ್ಟು ನಿಲ್ಲಬಹುದು, ಕೈ ನಡುಗಬಹುದು, ದಾಂಪತ್ಯಕ್ಕೆ ಅಡ್ಡಿಯಾಗಬಹುದು. ಕೊನೆಯದನ್ನು ಗಂಡಸರು, ಹೆಂಗಸರು ಬೇರೆಬೇರೆ ಕೂತೇ ಮಾತಾಡಬೇಕು. ಹೇಳದೆ ಮಾತ್ರೆ ಬಿಟ್ಟವರಲ್ಲಿ ಎಷ್ಟೋ ಮಂದಿಯ ಕಾರಣ ಇದೇ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ಕೆಲವು ಮಾತು ಬಾಯಿಪಾಠ ಆಗಬೇಕು. ರಕ್ತಪರೀಕ್ಷೆ ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ. ಬೆಳಗಿನ ಮಾತ್ರೆ ನುಂಗಿ ಹೋದರೆ ಲೆಕ್ಕ ತಪ್ಪುತ್ತದೆ. ವಾಂತಿ ಭೇದಿಯಾದರೆ, ಬಿಸಿಲಲ್ಲಿ ವಿಪರೀತ ಬೆವರಿದರೆ, ಒಮ್ಮೆಲೇ ಉಪ್ಪು ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಿಂದಲೂ ಏರುತ್ತದೆ. ಕೈ ಜೋರಾಗಿ ನಡುಗಿ, ನಡಿಗೆ ತಪ್ಪಿ, ವಾಂತಿ ಬಂದರೆ ಅಂದೇ ಆಸ್ಪತ್ರೆ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲುನೋವು ಬಂದರೆ ರಕ್ತಕಣ ಎಣಿಸಬೇಕು, ಮಲಬದ್ಧತೆಯನ್ನು ಅಲಕ್ಷಿಸಬಾರದು, 48 ಗಂಟೆಗಿಂತ ಹೆಚ್ಚು ಮಾತ್ರೆ ತಪ್ಪಿದರೆ ಹಳೆಯ ಪ್ರಮಾಣವನ್ನೇ ಮತ್ತೆ ನುಂಗದೆ ಡಾಕ್ಟರರನ್ನು ಕೇಳಬೇಕು. ಬೀಡಿ ಒಮ್ಮೆಲೇ ಬಿಟ್ಟರೂ ಕ್ಲೋಜಪಿನ್ ಮಟ್ಟ ಏರುತ್ತದೆ. ಬೀಡಿ ಬಿಡುವುದು ಒಳ್ಳೆಯದೇ, ಹೇಳಿ ಬಿಡಬೇಕು ಅಷ್ಟೆ. ರಂಜಾನ್ ಉಪವಾಸ ಹಿಡಿಯುವವರು ಒಂದು ತಿಂಗಳ ಮೊದಲೇ ಡಾಕ್ಟರರ ಜತೆ ಮಾತ್ರೆಯ ಹೊತ್ತು ಹೊಂದಿಸಿಕೊಳ್ಳಬೇಕು, ಲಿಥಿಯಂನವರಂತೂ ತಪ್ಪದೆ. ಗುಂಪಿನಲ್ಲಿ ಯಾರೂ ಯಾರ ಪ್ರಮಾಣವನ್ನೂ ಬದಲಿಸುವ ಹಾಗಿಲ್ಲ, ನಡೆಸುವವರೂ ಕೂಡ.

ನಿದ್ದೆಗೆ ನಮ್ಮ ಊರಿನದೇ ಪಾಠ ಬೇಕು. ದೀಪಾವಳಿ ಕಳೆದು ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿಯಿಡೀ ಕೋಲ, ನೇಮ, ತೆಯ್ಯಂ, ಬಯಲಾಟ. ಬೈಪೋಲಾರ್ ಇರುವವರಿಗೆ ಒಂದು ರಾತ್ರಿಯ ನಿದ್ದೆಗೇಡೇ ಕಾಯಿಲೆಯನ್ನು ಎಬ್ಬಿಸಬಲ್ಲದು. ಹೋಗಲೇಬೇಡ ಎಂದರೆ ಊರಿನಿಂದಲೇ ಹೊರಗಿಟ್ಟಂತೆ. ಹನ್ನೊಂದರವರೆಗೆ ಕೂತು ಎದ್ದು ಬರುವುದು, ಕರೆತರುವವರನ್ನು ಮೊದಲೇ ಗೊತ್ತುಮಾಡುವುದು, "ಆಟ ನೋಡಲಿಕ್ಕುಂಟು" ಎಂದು ರಾತ್ರಿಯ ಮಾತ್ರೆ ಬಿಡದಿರುವುದು, ಮರುದಿನ ಹಗಲಿಡೀ ಮಲಗದಿರುವುದು. ದೈವದ ನುಡಿ ಕೇಳುವವರ, ಮಂತ್ರವಾದಿಗಳ ಬಳಿ ಹೋಗುವವರ ಜತೆಯೂ ಜಗಳ ಬೇಡ. ಮಾತ್ರೆ ನಿಲ್ಲಿಸದೆ ಹೋಗಲಿ.

ಕೆಲಸದ ಬಗ್ಗೆ ಒಂದೇ ಎಚ್ಚರಿಕೆ: ಮದ್ದಿನ ಪ್ರಮಾಣ ಏರಿಸಿದ ಮೊದಲ ವಾರಗಳಲ್ಲಿ ಅಡಿಕೆ ಮರ ಹತ್ತುವುದು, ಹುಲ್ಲು ಕತ್ತರಿಸುವ ಮೆಷಿನ್ ಹಿಡಿಯುವುದು ಬೇಡ. ಅಂಗವೈಕಲ್ಯ ಪ್ರಮಾಣಪತ್ರ ಬೇಕೆನ್ನುವವರಿಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮಾನಸಿಕ ಕಾಯಿಲೆಯೂ ಸೇರಿದೆ, 40 ಶೇಕಡಾ ಅಥವಾ ಹೆಚ್ಚಿದ್ದರೆ ಸೌಲಭ್ಯಕ್ಕೆ ಅರ್ಹತೆ, ಅರ್ಜಿಗೆ ಸರಕಾರಿ ಸೇವೆಯ ಅಕ್ಷಯ ಕೇಂದ್ರದಲ್ಲಿ ಸಹಾಯ ಪಡೆಯಬಹುದು ಎಂದು ತಿಳಿಸಿದರೆ ಸಾಕು. ತೆಗೆದುಕೊಳ್ಳುವುದು ಬಿಡುವುದು ಅವರ ಇಷ್ಟ.

ಯಾರಾದರೂ "ಬದುಕುವುದು ಬೇಡ" ಎಂದರೆ? ನೇರವಾಗಿ ಕೇಳಬೇಕು: ಸಾಯುವ ಯೋಚನೆ ಉಂಟಾ, ಹೇಗೆಂದು ಯೋಚಿಸಿದ್ದುಂಟಾ? ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಭಯ. ನಡೆಸುವವರಲ್ಲಿ ಒಬ್ಬರು ಅವರ ಜತೆಗೇ ಇರಬೇಕು, ಒಂಟಿಯಾಗಿ ಬಸ್ಸು ಹತ್ತಿಸಬಾರದು. ಮನೆಯವರಿಗೆ ಹೇಳಿ ಕೊಟ್ಟಿಗೆಯ ಕಳೆನಾಶಕ, ಇಲಿಪಾಷಾಣ, ಮೈಲುತುತ್ತು ಅಂದೇ ಬೀಗದೊಳಗೆ ಹೋಗಬೇಕು, ಮಾತ್ರೆಯ ದಾಸ್ತಾನೂ ಕೂಡ. ಸರಕಾರದ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಕೇರಳದ ದಿಶಾ 1056 ಕೂಡ ಇದೆ. ಎರಡನ್ನೂ ಪ್ರತಿಯೊಬ್ಬರ ಚೀಟಿಯಲ್ಲಿ ಬರೆಸಿ.

ಗುಂಪು ಸೊರಗುವುದು ಸಾಮಾನ್ಯವಾಗಿ ನಾಲ್ಕನೇ ಐದನೇ ವಾರದಲ್ಲಿ. ಕುತೂಹಲ ಇಳಿದಿರುತ್ತದೆ, ಅರ್ಧ ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ಮನೆಯವರ ಮುಂದೆ ಕೈಚಾಚಬೇಕು. ಬಾರದವರಿಗೆ ಅದೇ ಸಂಜೆ ಒಂದು ಫೋನ್ ಹೋಗಬೇಕು, ಸಾಧ್ಯವಾದರೆ ಗುಂಪಿನವರಿಂದಲೇ. ಒಬ್ಬರೇ ಮಾತು ಹಿಡಿದರೆ ಸರದಿಗೆ ಮೂರು ನಿಮಿಷದ ಮಿತಿ ಹಾಕಿ. ಮಾತಾಡಲು ಮನಸ್ಸಿಲ್ಲದವರು ಸರದಿ ಬಿಡಬಹುದು. ಒಳಗಿನ ಮಾತು ಹೊರಗೆ ಹೋಗಬಾರದು, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಹೇಳುತ್ತೇವೆ ಎಂಬುದನ್ನು ಮೊದಲ ದಿನವೇ ತಿಳಿಸಿ. ಒಳಗೆ ಸಾಲ ಕೊಡುವ ಕೊಳ್ಳುವ ವ್ಯವಹಾರ ಬೇಡ. ಹಣ ಬಂದಲ್ಲಿ ಮುನಿಸು ಬಂತು. ಕುಡಿದು ಬಂದವರನ್ನು, ಕಾಯಿಲೆ ಜೋರಾಗಿರುವವರನ್ನು ಆ ವಾರ ಕೂರಿಸಬಾರದು, ಮುಂದಿನ ವಾರ ಕರೆಯಲು ಮರೆಯಬಾರದು. ಹೆಂಗಸರು ಗಂಡಸರ ಎದುರು ಬಾಯಿ ಬಿಡದಿದ್ದರೆ ಅವರಿಗೆ ಬೇರೆ ಗುಂಪು, ಕಟ್ಟಿದ ಬೀಡಿಯ ಲೆಕ್ಕ ಕೊಡಲು ಹೋಗುವ ದಿನ ತಪ್ಪಿಸಿ.

ಫಲ ಅಳೆಯಲು ತಲೆ ಎಣಿಸಬೇಡಿ. ಹನ್ನೆರಡರಲ್ಲಿ ಎಂಟು ವಾರವಾದರೂ ಬಂದವರು ಎಷ್ಟು, ಚೀಟಿ ಬರೆದು ಮುಗಿಸಿದವರು ಎಷ್ಟು, ತಿಂಗಳಲ್ಲಿ ಮಾತ್ರೆ ತಪ್ಪಿದ ದಿನ ಎಷ್ಟು, ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ಎಷ್ಟು. ಇವು ನಾಲ್ಕು ಸಾಕು, ಹೆಸರಿಲ್ಲದೆ. ಹನ್ನೆರಡು ವಾರದ ನಂತರ ತಿಂಗಳಿಗೊಮ್ಮೆ ಅದೇ ಕೋಣೆಯಲ್ಲಿ ಸೇರಲು ಅವಕಾಶ ಇರಲಿ.

ಮುಂದಿನ ವಾರ್ಷಿಕ ಯೋಜನೆಯಲ್ಲಿ ಇದಕ್ಕೊಂದು ಸಾಲು ಸೇರಿಸಿ. ಹದಿನಾಲ್ಕು ಕುರ್ಚಿ, ಚಾರ್ಟ್ ಹಾಳೆ, ಮೂರು ಬಣ್ಣದ ಪೆನ್ನು, ಬೀಗ ಇರುವ ಒಂದು ಕಪಾಟು, ಚಹಾ, ಬಸ್ ಖರ್ಚು, ಇಬ್ಬರ ಸಂಭಾವನೆ, ಪಟ್ಟಿ ಇಷ್ಟೇ. ತರಬೇತಾದವರನ್ನು ಒದಗಿಸಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಪಂಚಾಯತ್ ಕಡೆಯಿಂದ ಪತ್ರ ಹೋಗಲಿ, ತುಳು ಕನ್ನಡ ಬಲ್ಲವರೇ ಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. ಕೋಣೆಯ ಕೀಲಿಕೈ ಯಾರ ಬಳಿ ಇರುತ್ತದೆ, ಅವರು ರಜೆಯಲ್ಲಿದ್ದರೆ ಯಾರ ಬಳಿ ಎಂಬುದನ್ನೂ ಆ ದಿನವೇ ತೀರ್ಮಾನಿಸಿ.

ಇತಿ,
ಗಡಿನಾಡಿನ ಮಾನಸಿಕ ಆರೋಗ್ಯ ಕ್ಷೇತ್ರದ ಕೆಲಸಗಾರರು
ಕಾಸರಗೋಡು